ಚೀನಾ ದೂರವೋ, ಕೇರಿ ದೂರವೋ?

ಮೊನ್ನೆ ಮೈಸೂರಿನ ಅಶೋಕಪುರಂನಲ್ಲಿ ನಾವು ಏಳೆಂಟು ಮಂದಿ ಗೆಳೆಯರು ಸೇರಿದ್ದೆವು. ಎಲ್ಲರೂ ಅವರವರ ಮನೆಯ ಮೊದಲ ಬಿ.ಎ., ಮೊದಲ ಬಿ.ಎಸ್ಸಿ. ಮಾತು ಎಲ್ಲೆಲ್ಲೋ ಅಲೆದು ಡಾಕ್ಟರ್ ಕೋಟ್ನಿಸ್ ಹತ್ತಿರ ಬಂದು ನಿಂತಿತು. ಒಬ್ಬ ಅಂದ: "ಎಂಥಾ ಮನುಷ್ಯ ಕಣಯ್ಯಾ! ಯಾರದೋ ದೇಶಕ್ಕೆ ಹೋಗಿ ಯಾರಿಗೋಸ್ಕರವೋ ಪ್ರಾಣ ಕೊಟ್ಟ." ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ತಲೆ ಎತ್ತದೆ ಅಂದ: "ಚೀನಾಕ್ಕೆ ಹೋಗೋರು ಸಿಗ್ತಾರೆ ಬುಡು. ನಮ್ ಕೇರಿಗೆ ಬರೋರು ಎಲ್ಲವ್ರೆ?"

ಆ ರಾತ್ರಿ ಯಾರೂ ಅದಕ್ಕೆ ಉತ್ತರ ಹೇಳಲಿಲ್ಲ. ಆ ಪ್ರಶ್ನೆ ನಮ್ಮನ್ನು ಮಲಗಲೂ ಬಿಡಲಿಲ್ಲ. ಅದಕ್ಕೇ ನಿಮ್ಮ ಮುಂದೆ ತಂದಿದ್ದೇವೆ.

ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ನಮ್ಮ ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಅದು. ಇವತ್ತಿಗೂ ಮರಾಠಿಯ ಜೊತೆ ಕನ್ನಡ, ತೆಲುಗು, ಉರ್ದು ಕೇಳುವ ಗಡಿ ಊರು, ಬಟ್ಟೆ ಗಿರಣಿಗಳ ಊರು. 1930ರಲ್ಲಿ ಬ್ರಿಟಿಷರು ಅಲ್ಲಿ ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಆ ಊರಿನ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಅಂಥ ಊರಿನ ಹುಡುಗ ಮುಂಬಯಿಯಲ್ಲಿ ಓದಿ ಡಾಕ್ಟರಾದ.

1937ರಲ್ಲಿ ಜಪಾನು ಚೀನಾದ ಮೇಲೆ ಬಿತ್ತು. ಎಂಟನೇ ಮಾರ್ಗದ ಸೇನೆಯ ಜನರಲ್ ಝು ದೆ ನೆಹರೂಗೆ ಕಾಗದ ಬರೆದು ಡಾಕ್ಟರುಗಳನ್ನು ಕಳಿಸಿ ಎಂದು ಕೇಳಿದರು. ಸುಭಾಷ್ ಬೋಸ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ 1938ರಲ್ಲಿ ಐದು ಮಂದಿಯ ತಂಡ ಹೊರಟಿತು: ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್. ತಂಡದ ಹಿರಿಯ ಅಟಲ್ ಅದಾಗಲೇ ಸ್ಪೇನಿನ ಯುದ್ಧದಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟಿ ಬಂದಿದ್ದವರು. ಕೋಟ್ನಿಸರಿಗೆ ಆಗ 27 ವರ್ಷ. ನಮ್ಮದೇ ವಯಸ್ಸು.

ಯೆನಾನ್ ಮುಟ್ಟುವ ಮೊದಲೇ ಅಪ್ಪ ತೀರಿಹೋದ ಸುದ್ದಿ ಬಂತು. ಹಿಂತಿರುಗಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಹಿಂತಿರುಗಲಿಲ್ಲ. ಬೇರೆ ನಾಲ್ವರು ಒಬ್ಬೊಬ್ಬರಾಗಿ ಊರಿಗೆ ಬಂದರು, ಇವರು ಅಲ್ಲೇ ಉಳಿದರು. ಚೀನೀ ಮಾತು ಕಲಿತು ಆ ಮಾತಲ್ಲೇ ಪಾಠ ಹೇಳಿದರು. ಅಲ್ಲಿಯ ಸೈನಿಕರು ಉಣ್ಣುತ್ತಿದ್ದ ನವಣೆಯನ್ನೇ ಉಂಡರು. ನಮ್ಮ ಅಜ್ಜಿಯಂದಿರು ಕುಟ್ಟಿ ಬೇಯಿಸುತ್ತಿದ್ದ ಅದೇ ನವಣೆ! 1941ರಲ್ಲಿ ಬೆಥ್ಯೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಬೆಥ್ಯೂನ್ ಕೆನಡಾದ ಡಾಕ್ಟರು. ಸ್ಪೇನಿನಲ್ಲಿ ರಣರಂಗದ ಹತ್ತಿರಕ್ಕೇ ರಕ್ತ ಒಯ್ದು ಕೊಟ್ಟವರು. ಚೀನಾದಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜೇರಿ 1939ರಲ್ಲಿ ಸತ್ತವರು. ಕೋಟ್ನಿಸ್ ಅಲ್ಲೇ ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರಲ್ಲಿ ಅಲ್ಲಿಯ ಕಮ್ಯುನಿಸ್ಟ್ ಪಕ್ಷ ಸೇರಿದರು. ಅದೇ ವರ್ಷ ಮಗ ಹುಟ್ಟಿದ, ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಆ ಕೂಸಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ, ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ಅಪ್ಪ ಸತ್ತ. 32 ವರ್ಷಕ್ಕೆ ಒಂದು ಬದುಕು ಮುಗಿಯಿತು.

ಈಗ ನಮ್ಮ ಗೆಳೆಯನ ಪ್ರಶ್ನೆಗೆ ಬರೋಣ.

ನಮ್ಮಲ್ಲೊಬ್ಬನ ಅವ್ವ ಒಂದು ಸಂಗತಿ ಹೇಳುತ್ತಾಳೆ. ಅವಳ ತಾಯಿಗೆ ಜ್ವರ ಏರಿದಾಗ ಊರಿಗೆ ಬರುತ್ತಿದ್ದ ಡಾಕ್ಟರು ಕೇರಿಯ ಬಾಯಲ್ಲೇ ನಿಂತರಂತೆ. "ನಾಲಗೆ ತೆಗೆ" ಅಂದು ದೂರದಿಂದಲೇ ನೋಡಿ ಮಾತ್ರೆಯ ಪೊಟ್ಟಣ ಎಸೆದರಂತೆ. ನಾಡಿ ಹಿಡಿಯಲಿಲ್ಲ. ಜ್ವರ ಇಳಿಯಿತು, ಅಜ್ಜಿ ಬದುಕಿದಳು. ಆದರೆ ಸಾಯುವ ತನಕ ಅವಳು ಜ್ವರದ ಕತೆ ಹೇಳಲಿಲ್ಲ, ಎಸೆದ ಪೊಟ್ಟಣದ ಕತೆ ಹೇಳಿದಳು. "ನಾಯಿಗಾದ್ರೂ ತಲೆ ಸವರಿ ಹಾಕ್ತಾರೆ ಕಣವ್ವಾ" ಅನ್ನುತ್ತಿದ್ದಳಂತೆ.

ಆ ಡಾಕ್ಟರಿಗೂ ಆ ಅಜ್ಜಿಗೂ ನಡುವೆ ಇದ್ದದ್ದು ಎಷ್ಟು ದೂರ? ಹತ್ತು ಮಾರು. ಆ ಹತ್ತು ಮಾರು ದಾಟಲು ಹಡಗು ಬೇಡ, ರಹದಾರಿ ಬೇಡ. ಆದರೂ ದಾಟಲಾಗಲಿಲ್ಲ. ಮೈಲಿಯಲ್ಲಿ ಅಳೆಯುವ ದೂರ ಒಂದು, ಜಾತಿಯಲ್ಲಿ ಅಳೆಯುವ ದೂರ ಇನ್ನೊಂದು. ಈ ದೇಶದ ಭೂಪಟದಲ್ಲಿ ಎರಡನೆಯದನ್ನು ಯಾರೂ ಬರೆದಿಲ್ಲ.

ಕೋಟ್ನಿಸರ ಸೊಲ್ಲಾಪುರದಲ್ಲೂ ಅಂಥ ದೂರವಿತ್ತು. ಕೆಲವು ಜಾತಿಗಳನ್ನೇ ಹುಟ್ಟಾ ಅಪರಾಧಿಗಳೆಂದು ಕಾನೂನಿನಲ್ಲಿ ಬರೆದು, ಆ ಜನರನ್ನು ಸೆಟ್ಲ್‌ಮೆಂಟಿನಲ್ಲಿ ಕೂಡಿಟ್ಟು, ಗಿರಣಿ ದುಡಿಮೆಗೆ ಕಳಿಸುತ್ತಿದ್ದ ಊರು ಅದು. ಆ ಕಾನೂನು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ. ಗಾಯಾಳುಗಳನ್ನು ಹುಡುಕಿಕೊಂಡು ಸಮುದ್ರ ದಾಟುವ ಅಗತ್ಯವೇ ಇರಲಿಲ್ಲ ಎಂದು ಯಾರಾದರೂ ಅಂದರೆ ನಾವು ಅವರನ್ನು ಸುಮ್ಮನಿರಿಸಲಾರೆವು. ಕೋಟ್ನಿಸರನ್ನು ಕೇರಿಯ ವೀರ ಮಾಡುವ ಹಟವೂ ನಮಗಿಲ್ಲ.

ಆದರೂ ನಮ್ಮ ಗೆಳೆಯನ ಮಾತನ್ನು ಪೂರ್ತಿ ಒಪ್ಪಲು ಮನಸ್ಸು ಬಾರದು. ಯಾಕೆಂದರೆ ನಮ್ಮ ಕೇರಿಗಳಿಗೆ ಯಾರೂ ಬಂದೇ ಇಲ್ಲ ಅನ್ನುವುದು ಸುಳ್ಳು. ಬಂದಿದ್ದಾರೆ. ಪೊರಕೆ ಹಿಡಿದು ಬಂದಿದ್ದಾರೆ, ಫೋಟೋದವರನ್ನು ಕರಕೊಂಡು ಬಂದಿದ್ದಾರೆ, ಉಪದೇಶ ಹೊತ್ತು ಬಂದಿದ್ದಾರೆ. ಸಂಜೆಗೆ ಹಿಂತಿರುಗಿ ಸ್ನಾನ ಮಾಡಿದ್ದಾರೆ. ಹತ್ತಿರಕ್ಕೆ ಬಂದವರೆಲ್ಲ ಹತ್ತಿರದವರಾದರೇ? ಬಂದವನು ಏನು ತಂದ ಎಂದು ಕೇಳುವುದಕ್ಕಿಂತ, ಬಂದವನು ಏನು ಬಿಟ್ಟು ಬಂದ, ಎಷ್ಟು ದಿನ ಉಳಿದ, ಯಾರ ಮಾತು ಕಲಿತ, ಯಾರ ತಟ್ಟೆಯಲ್ಲಿ ಉಂಡ ಎಂದು ಕೇಳಬೇಕು.

ಈ ಅಳತೆಗೆ ಕೋಟ್ನಿಸ್ ನಿಲ್ಲುತ್ತಾರೆ. ಅವರನ್ನು ಆ ಜನವೇ ಕರೆದಿತ್ತು, ಕರೆಸಿಕೊಂಡು ಹೋದರು. ಹೋದ ಮೇಲೆ ಆ ಜನದ ಶಿಸ್ತಿಗೆ ತಲೆಬಾಗಿದರು. ತಾನು ಸತ್ತರೂ ಕತ್ತರಿ ಹಿಡಿಯುವ ಕೈಗಳು ಉಳಿಯಲಿ ಎಂದು ಅಲ್ಲಿಯ ಹುಡುಗರಿಗೆ ವಿದ್ಯೆ ಕಲಿಸಿದರು. ಉದ್ಧಾರಕ ತನ್ನ ಅಗತ್ಯ ಯಾವತ್ತೂ ಇರಲಿ ಎಂದು ಬಯಸುತ್ತಾನೆ. ಜೊತೆಗಾರ ತಾನಿಲ್ಲದೆಯೂ ನಡೆಯಲಿ ಎಂದು ಬಯಸುತ್ತಾನೆ. ನಮ್ಮ ಕೇರಿಗಳು ಉದ್ಧಾರಕರನ್ನು ಕಂಡಿವೆ. ಜೊತೆಗಾರರನ್ನು ಕಂಡದ್ದು ಕಮ್ಮಿ.

ಇನ್ನೊಂದು ಲೆಕ್ಕ ಉಳಿದಿದೆ. ಒಬ್ಬ ದೊಡ್ಡ ಕೆಲಸಕ್ಕೆ ಹೊರಟರೆ ಅದರ ಬೆಲೆ ತೆರುವವರು ಯಾರು? ಮಗನ ಮುಖ ನೋಡದೆ ಅಪ್ಪ ಹೋದ. ಗುವೊ ಚಿಂಗ್‌ಲಾನ್ ಮದುವೆಯಾಗಿ ವರ್ಷ ಕಳೆಯುವ ಹೊತ್ತಿಗೆ ಗಂಡನನ್ನು ಕಳಕೊಂಡರು. 1967ರಲ್ಲಿ ಮಗನೂ ಹೋದ. 1962ರಲ್ಲಿ ಎರಡು ದೇಶಗಳೂ ಒಂದರ ಮೇಲೊಂದು ಬಂದೂಕು ಎತ್ತಿದ್ದನ್ನೂ ಆಕೆ ನೋಡಿದರು. 2012ರವರೆಗೆ ಬದುಕಿದ್ದು ಎರಡು ದೇಶಗಳ ನಡುವಿನ ಆ ನೆನಪನ್ನು ಕಾಪಾಡಿದರು. ಶಾಂತಾರಾಮರು 1946ರಲ್ಲಿ ತೆಗೆದ ಸಿನಿಮಾದ ಹೆಸರಿನಲ್ಲಿ ಡಾಕ್ಟರ್ ಮಾತ್ರ ಇದ್ದಾರೆ.

ಬಾಬಾಸಾಹೇಬರು ಲಂಡನ್ನಿನಲ್ಲಿ ಓದುತ್ತಿದ್ದಾಗ ಮುಂಬಯಿಯಲ್ಲಿ ಮನೆಯ ಭಾರ ಹೊತ್ತದ್ದು ರಮಾಬಾಯಿ. ಆಕೆ 1935ರಲ್ಲಿ ತೀರಿಕೊಂಡರು. ಪಾಕಿಸ್ತಾನ ಕುರಿತ ತಮ್ಮ ಪುಸ್ತಕವನ್ನು ಬಾಬಾಸಾಹೇಬರು 'ರಾಮು'ವಿನ ನೆನಪಿಗೆ ಅರ್ಪಿಸಿದರು. ಸಾಲ ಇದೆ ಎಂದು ಒಪ್ಪಿಕೊಂಡರು. ಹೊರಡುವವನು ಕನಿಷ್ಠ ಅಷ್ಟಾದರೂ ಮಾಡಬೇಕು.

ಗೆಳೆಯರೇ, ಇದನ್ನೆಲ್ಲ ಬೇರೆಯವರಿಗೆ ಹೇಳಿ ನಾವು ಜಾರಿಕೊಳ್ಳುವಂತಿಲ್ಲ. ನಾವೂ ಹೊರಟು ಬಂದವರೇ. ಅಪ್ಪನ ಕೂಲಿ, ಅವ್ವನ ಓಲೆ, ಅಕ್ಕನ ನಿಂತುಹೋದ ಓದು ಇವೆಲ್ಲ ಸೇರಿ ನಮ್ಮ ಡಿಗ್ರಿಯಾಗಿದೆ. ಮೈಸೂರಿನ ಹಾಸ್ಟೆಲಿನಿಂದ ನಮ್ಮೂರಿಗೆ ಎರಡು ಗಂಟೆಯ ಬಸ್ಸು. ಆದರೆ ಬಾಡಿಗೆ ಮನೆ ಹುಡುಕುವಾಗ ಊರಿನ ಯಾವ ಕಡೆಯವರು ಎಂದು ಕೇಳಿದರೆ ನಮ್ಮ ನಾಲಗೆ ತಡವರಿಸುತ್ತದೆ. ಹಬ್ಬಕ್ಕೆ ಹೋದರೆ ಅವ್ವನ ಮಾತನ್ನು ತಿದ್ದುತ್ತೇವೆ. ಆ ಎರಡು ಗಂಟೆಯ ದಾರಿ ವರ್ಷ ವರ್ಷ ಉದ್ದವಾಗುತ್ತಿದೆ.

ಕಳೆದ ವಾರ ಮೂಲೆಯ ಗೆಳೆಯನನ್ನೇ ಕೇಳಿದೆವು: "ನೀನು ಕೇರಿಗೆ ಹೋಗಿ ಎಷ್ಟು ದಿನವಾಯ್ತು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಯುಗಾದೀಲಿ ಹೋಗಿದ್ದೆ. ಅವ್ವ ಮಲಗಿದ್ಲು, ಮೈ ಸುಡ್ತಿತ್ತು. ಮಾತ್ರೆ ಕೊಟ್ಟು ಬಸ್ ಹತ್ತಿದೆ."

ನಾಡಿ ಹಿಡಿದು ನೋಡಿದೆಯಾ ಎಂದು ನಾವು ಕೇಳಲಿಲ್ಲ. ನಮ್ಮಲ್ಲಿ ಯಾರಿಗೂ ಆ ಧೈರ್ಯ ಇರಲಿಲ್ಲ.