ಮೂರು ಕೊಟೇಶನ್

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ಹೋದರೆ ಒಂದು ಮುಂಬಯಿ, ಪಶ್ಚಿಮಕ್ಕೆ ಹೋದರೆ ಇನ್ನೊಂದು. ಪೂರ್ವದಲ್ಲಿ ಲ್ಯಾಮಿಂಗ್ಟನ್ ರೋಡಿನ ವಯರು, ಸ್ಪೀಕರು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು. ಇನ್ನೂ ನಡೆದರೆ ಚೋರ್ ಬಜಾರ್. ಪಶ್ಚಿಮದಲ್ಲಿ ಭಾಜಿ ಗಲ್ಲಿ, ನಾನಾ ಚೌಕ, ಅದರಾಚೆ ಗಾಮ್‌ದೇವಿಯ ಮರಗಳ ನೆರಳು. ಎರಡೂ ಕಡೆ ಜನ ಮಾಡುವುದು ಮಾತ್ರ ಒಂದೇ ಕೆಲಸ: ಚೌಕಾಸಿ. ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ನಮ್ಮ ಕನ್ನಡ ಸಂಘದ ಕೋಣೆ. ಅಲ್ಲಿ ನಾನು ಹನ್ನೊಂದು ವರ್ಷ ಕೋಶಾಧಿಕಾರಿಯಾಗಿದ್ದೆ.

ಊರಿನವರಿಗೆ ಮುಂಬಯಿಯ ಸಂಘಗಳೆಂದರೆ ಯಕ್ಷಗಾನ, ನಾಟಕ, ಸನ್ಮಾನ ಇಷ್ಟೇ ಕಾಣುತ್ತದೆ. ಕೋಶಾಧಿಕಾರಿಗೆ ಕಾಣುವ ಸಂಘವೇ ಬೇರೆ. ಶಾಲು, ಪೇಟ, ಹಾರ, ಸ್ಮರಣಿಕೆ, ಬ್ಯಾನರು, ಚಹಾ, ಊಟದ ತಟ್ಟೆ, ವಿದ್ಯಾರ್ಥಿವೇತನದ ಚೆಕ್ಕು. ವರ್ಷವಿಡೀ ಏನಾದರೂ ಕೊಳ್ಳುತ್ತಲೇ ಇರಬೇಕು. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ದೊಡ್ಡ ಮೊತ್ತದ ಏನನ್ನೇ ಕೊಳ್ಳಲಿ, ಮೂರು ಕೊಟೇಶನ್ ತರಿಸಬೇಕು, ಎಲ್ಲಕ್ಕಿಂತ ಕಡಿಮೆ ದರದ್ದನ್ನು ತೆಗೆದುಕೊಳ್ಳಬೇಕು. ಹಿಂದೊಮ್ಮೆ ಯಾರೋ ತಮ್ಮ ಭಾವನ ಅಂಗಡಿಯಿಂದಲೇ ಶಾಲು ತರಿಸಿ ಗಲಾಟೆಯಾದ ಮೇಲೆ ಬಂದ ನಿಯಮ ಅದು. ಹೋಟೆಲಿನ ಗಲ್ಲೆಯಲ್ಲಿ ಕೂತವರು, ಬ್ಯಾಂಕಿನಿಂದ ನಿವೃತ್ತರಾದವರು ಕೊಟ್ಟ ಹಣ. ಅದರ ಒಂದೊಂದು ರೂಪಾಯಿಗೂ ಲೆಕ್ಕ ಹೇಳಬೇಕಾದವನಿಗೆ ಮೂರು ಕೊಟೇಶನ್ನು ಧರ್ಮಗ್ರಂಥವಿದ್ದಂತೆ. ನಾನು ಅದನ್ನು ಹಾಗೇ ನಂಬಿದ್ದೆ.

2022ರ ಜುಲೈಯಲ್ಲಿ ಆ ನಂಬಿಕೆಗೆ ಮೊದಲ ಪೆಟ್ಟು ಬಿತ್ತು. ಸ್ವಾತಂತ್ರ್ಯದ ಎಪ್ಪತ್ತೈದನೇ ವರ್ಷ. ಆಗಸ್ಟ್ 13ರಿಂದ 15ರವರೆಗೆ ಮನೆಮನೆಯಲ್ಲೂ ತ್ರಿವರ್ಣ ಧ್ವಜ ಹಾರಿಸಬೇಕೆಂದು ಕೇಂದ್ರ ಸರ್ಕಾರ ಕರೆಕೊಟ್ಟಿತ್ತು. ಅಂಚೆ ಕಚೇರಿಗಳಲ್ಲೇ 25 ರೂಪಾಯಿಗೆ ಒಂದು ಧ್ವಜ ಸಿಗುತ್ತಿತ್ತು. ನಮ್ಮ ಕಾರ್ಯಕಾರಿ ಸಮಿತಿ, ಸದಸ್ಯರ ಮನೆಗಳಿಗೆ ಹಂಚಲು ಇನ್ನೂರು ಧ್ವಜ ತರಿಸೋಣ ಎಂದು ತೀರ್ಮಾನಿಸಿತು. ನಾನು ಕ್ರಾಫರ್ಡ್ ಮಾರ್ಕೆಟ್ ಕಡೆಯ ಸಗಟು ಅಂಗಡಿಗಳಿಂದ ಮೂರು ಕೊಟೇಶನ್ ತಂದೆ. ಮೂರೂ ಪಾಲಿಯೆಸ್ಟರ್.

ಇದು ಹೊಸತಾಗಿ ಸಾಧ್ಯವಾದ ವಿಷಯ. 2002ರ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜ ಕೈಯಲ್ಲಿ ನೂತು, ಕೈಯಲ್ಲೇ ನೇಯ್ದ ಬಟ್ಟೆಯದ್ದಾಗಿರಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿತು. ತಮಾಷೆ ನೋಡಿ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲಿ ನಿಷೇಧ ಬಂತು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟವೂ ಇತ್ತು. ಹಾಗಾಗಿ ಪ್ಲಾಸ್ಟಿಕ್ ಬಾವುಟ ತಪ್ಪು, ಪಾಲಿಯೆಸ್ಟರ್ ಬಾವುಟ ಸರಿ. ಎರಡೂ ಒಂದೇ ಪೆಟ್ರೋಲಿಯಂ ಮನೆತನದ ದಾಯಾದಿಗಳು.

ಸಭೆಯಲ್ಲಿ ಧಾರವಾಡ ಕಡೆಯ ಸದಸ್ಯರೊಬ್ಬರು ಎದ್ದು ನಿಂತರು. ಮಾತು ಕಡಿಮೆಯ ಮನುಷ್ಯ. "ಸರ, ನಾಲ್ಕನೇದ ಒಂದ ಕೊಟೇಶನ್ ತರಸಬಹುದೇನ್ರಿ? ಹುಬ್ಬಳ್ಳಿ ಬೆಂಗೇರಿದ್ದು?" ಅಂದರು.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರಲ್ಲಿ. ಭಾರತೀಯ ಮಾನಕ ಬ್ಯೂರೋದ ಮುದ್ರೆಯಿರುವ ಖಾದಿ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ. ನೂಲಿನ ದಪ್ಪ, ನೇಯ್ಗೆ, ಬಣ್ಣ, ಇಪ್ಪತ್ತನಾಲ್ಕು ಅರಗಳ ಚಕ್ರ, ಹೊಲಿಗೆ ಎಲ್ಲಕ್ಕೂ ಅಳತೆಯುಂಟು. ಆರು ಇಂಚಿಗೆ ನಾಲ್ಕು ಇಂಚಿನ ಮೇಜಿನ ಧ್ವಜದಿಂದ ಹಿಡಿದು ಇಪ್ಪತ್ತೊಂದು ಅಡಿಗೆ ಹದಿನಾಲ್ಕು ಅಡಿಯ ದೊಡ್ಡ ಧ್ವಜದವರೆಗೆ ಒಂಬತ್ತು ಗಾತ್ರ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಸಂಹಿತೆಯ ತಿದ್ದುಪಡಿಯನ್ನು ವಿರೋಧಿಸಿ ಆ ಬೇಸಿಗೆ ಕಳೆದ ಮೇಲೆ ಅಲ್ಲಿಯವರು ಪ್ರತಿಭಟನೆ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ದರ ವಿಚಾರಿಸಿದೆ. ಒಂದು ಖಾದಿ ಧ್ವಜದ ಬೆಲೆಗೆ ಪಾಲಿಯೆಸ್ಟರಿನ ದೊಡ್ಡ ಕಟ್ಟೇ ಬರುತ್ತಿತ್ತು. ನಾನು ಕೋಶಾಧಿಕಾರಿಯ ಧಾಟಿಯಲ್ಲೇ ಹೇಳಿದೆ: "ನನ್ನ ಜೇಬಿನದ್ದಾದರೆ ನಾಳೆಯೇ ತರಿಸುತ್ತೇನೆ. ಇದು ಸದಸ್ಯರ ಹಣ. ಈ ವ್ಯತ್ಯಾಸದಲ್ಲಿ ನಾಲ್ಕು ಮಕ್ಕಳ ಫೀಸು ಕಟ್ಟಬಹುದು. ನಮ್ಮ ಪುಣ್ಯಕ್ಕೆ ಆ ಮಕ್ಕಳು ಯಾಕೆ ದುಡ್ಡು ಕೊಡಬೇಕು?" ಸಭೆ ತಲೆದೂಗಿತು. ಆ ಸದಸ್ಯರು ವಾದಿಸಲಿಲ್ಲ. ಕೂರುವ ಮೊದಲು ಇಷ್ಟು ಹೇಳಿದರು: "ನಮ್ಮ ವೈನಿ ಗರಗದ ಕಡೆ ನೂಲ ತಗೀತಾಳ್ರಿ. ನಾವು ತರಿಸಿದ್ರ ಅಕಿಗೆ ಏನ ಆಗತದ, ನನಗೂ ಗೊತ್ತಿಲ್ಲ. ಎಲ್ಲಾರೂ ತರಸೋದ ಬಿಟ್ರ ಏನ ಆಗತದ ಅನ್ನೋದು ಗೊತ್ತದ." ಗರಗ, ಧಾರವಾಡದ ಹತ್ತಿರದ, ಧ್ವಜದ ಖಾದಿಗೆ ಹೆಸರಾದ ಊರು.

ಇನ್ನೂರು ಪಾಲಿಯೆಸ್ಟರ್ ಧ್ವಜ ಬಂತು, ಹಂಚಿದ್ದೂ ಆಯಿತು. ಆಗಸ್ಟ್ 17ರ ಬೆಳಿಗ್ಗೆ ಮಳೆಯಲ್ಲಿ ನಾನಾ ಚೌಕದ ಹತ್ತಿರ ನಡೆಯುತ್ತಿದ್ದಾಗ, ಚರಂಡಿಯ ಜಾಲರಿಗೆ ಸಿಕ್ಕಿಕೊಂಡ ಎರಡು ಧ್ವಜ ಕಂಡವು. ಎತ್ತಿಕೊಂಡೆ. ಅವು ನಮ್ಮವೇ ಎಂದು ಹೇಳಲಾರೆ, ನಮ್ಮವಲ್ಲ ಎಂದೂ ಹೇಳಲಾರೆ.

ಆ ದಿನದಿಂದ ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಪರರ ಹಣದಲ್ಲಿ ನನ್ನ ಆದರ್ಶ ಮೆರೆಯಬಾರದು ಎಂಬುದು ಈಗಲೂ ಸರಿಯೇ. ಆದರೆ ಒಬ್ಬ ಮನುಷ್ಯ ಕೊಳ್ಳುವಾಗ ಒಂದು ಕ್ಷಣವಾದರೂ ಅಳುಕುತ್ತಾನೆ. ಸಂಘ ಕೊಳ್ಳುವಾಗ ಯಾರೂ ಅಳುಕುವುದಿಲ್ಲ. ಸಮಿತಿ ಹೇಳುತ್ತದೆ, ಕೋಶಾಧಿಕಾರಿ ನೋಡಿಕೊಂಡಿದ್ದಾರೆ. ಕೋಶಾಧಿಕಾರಿ ಹೇಳುತ್ತಾನೆ, ನಿಯಮ ಇದೆ. ನಿಯಮವನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಮೂರು ಕೊಟೇಶನ್ನು ಹಣ ಕೊಟ್ಟವರನ್ನು ನನ್ನಂಥವರ ಕಳ್ಳತನದಿಂದ ಕಾಯುತ್ತದೆ. ಅದು ಸಣ್ಣ ಕೆಲಸವಲ್ಲ. ಆದರೆ ಆ ಕೋಣೆಯಲ್ಲಿ ಕುರ್ಚಿ ಇಲ್ಲದವರನ್ನು, ಅಂದರೆ ಆ ವಸ್ತುವನ್ನು ಮಾಡಿದವರನ್ನು ಅದು ಕಾಯುವುದಿಲ್ಲ.

ಇದನ್ನು ನಾನು ಮರೆಯಬಾರದಿತ್ತು. ಹನ್ನೆರಡನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಹೋಟೆಲೊಂದರಲ್ಲಿ ಟೇಬಲ್ ಒರೆಸಿದವ ನಾನು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ನಮ್ಮ ತಲೆಮಾರಿನ ಎಷ್ಟೋ ಮಂದಿಯ ಕತೆ ಇದೇ. ಸುತ್ತಲಿನ ಆಫೀಸುಗಳಿಗೆ ನಮ್ಮ ಹೋಟೆಲಿನಿಂದ ಚಹಾ ಹೋಗುತ್ತಿತ್ತು, ಯಾಕೆಂದರೆ ನಮ್ಮ ದರ ಕಡಿಮೆ. ದರ ಯಾಕೆ ಕಡಿಮೆ ಎಂದು ಯಾವ ಆಫೀಸೂ ಕೇಳಲಿಲ್ಲ. ಕೇಳಿದ್ದರೆ ಕೆಟಲು ಹಿಡಿದು ಮೆಟ್ಟಿಲು ಹತ್ತಿ ಬಂದ ನಾನೇ ಉತ್ತರವಾಗಿ ಎದುರಿಗೆ ನಿಂತಿದ್ದೆ. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನನ್ನ ಮಕ್ಕಳೇ ಕಾಲೇಜು ಮುಗಿಸಿದ್ದರು.

ಹಾಗೆಂದು ಖಾದಿ ಅಂದರೆ ಪುಣ್ಯ, ಪಾಲಿಯೆಸ್ಟರ್ ಅಂದರೆ ಪಾಪ ಎಂದು ಗೆರೆ ಎಳೆದು ಕೂರುವುದೂ ಸುಲಭವಿಲ್ಲ. ಆ ಅಗ್ಗದ ಧ್ವಜಗಳನ್ನೂ ಯಾರೋ ಹೊಲಿದಿದ್ದಾರೆ. ಈ ಊರಿನ ಒಂಟಿ ಕೋಣೆಗಳಲ್ಲಿ ತುಂಡಿಗೆ ಇಷ್ಟೆಂದು ಎಣಿಸಿ ಹೊಲಿಯುವ ಹೆಂಗಸರು ಕಡಿಮೆಯೇನಿಲ್ಲ. ಅವರು ಕನ್ನಡ ಮಾತಾಡುವುದಿಲ್ಲ ಎಂದ ಮಾತ್ರಕ್ಕೆ ಅವರ ಹೊಟ್ಟೆ ಬೇರೆಯೇ? ಬೆಂಗೇರಿ ಅಂದಾಗ ನನ್ನ ಮನಸ್ಸು ಮೆತ್ತಗಾದದ್ದು ನ್ಯಾಯಕ್ಕೋ, ಊರಿನ ಮೋಹಕ್ಕೋ? 1956ರವರೆಗೆ ಧಾರವಾಡಕ್ಕೂ ಮುಂಬಯಿಯೇ ರಾಜಧಾನಿ. ಆದರೆ ನಾನು ತೆಂಕಣದವ, ನನಗೆ ಹುಬ್ಬಳ್ಳಿ ಹತ್ತಿರವಾದದ್ದು ಮುಂಬಯಿಗೆ ಬಂದ ಮೇಲೆಯೇ. ಊರು ಬಿಟ್ಟವನ ಪ್ರೀತಿಯಲ್ಲಿ ಇಂಥ ಪಕ್ಷಪಾತ ಇದ್ದೇ ಇರುತ್ತದೆ. ಇನ್ನು ಹೆಸರಿನ ಚೀಟಿ ನೋಡಿ ನಂಬೋಣವೆಂದರೆ, ಅದೇ 2022ರ ಜನವರಿಯಲ್ಲಿ ಖಾದಿಯಲ್ಲದ್ದನ್ನು ಖಾದಿಯೆಂದು ಮಾರಿದ ಕಾರಣ ಕೊಟ್ಟು ಫೋರ್ಟಿನ ಹಳೆಯ ಭಂಡಾರವೊಂದರ ಪ್ರಮಾಣಪತ್ರವನ್ನು ಖಾದಿ ಆಯೋಗವೇ ರದ್ದು ಮಾಡಿತ್ತು.

ಈ ಗೊಂದಲದಲ್ಲೇ ಒಂದು ಭಾನುವಾರ ಲ್ಯಾಬರ್ನಮ್ ರಸ್ತೆಯ ಮಣಿ ಭವನಕ್ಕೆ ಹೋದೆ. ಸಂಘದ ಕೋಣೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಇಷ್ಟು ವರ್ಷದಲ್ಲಿ ನಾನು ಹೋದದ್ದು ಎರಡೇ ಸಲ, ಅದೂ ಊರಿನ ನೆಂಟರಿಗೆ ತೋರಿಸಲು. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ತಂಗುತ್ತಿದ್ದ ಮನೆ. ಆ ಬೀದಿಯಲ್ಲಿ ದಿನವೂ ಒಬ್ಬ ಹಿಂಜುವವ ಬಿಲ್ಲು ಮಿಡಿಯುತ್ತಾ ಹೋಗುತ್ತಿದ್ದನಂತೆ, ಹಾಸಿಗೆಗೆ ಹತ್ತಿ ಹಿಂಜಿಕೊಡುವವ. ಗಾಂಧೀಜಿ ಅವನನ್ನು ಕರೆಸಿ, ನೂಲಲು ಹಂಜಿ ಬೇಕು ಎಂದರು. ಅವನು ದುಬಾರಿ ದರ ಹೇಳಿದ; ಅವರು ಕೊಟ್ಟರು. ಆತ್ಮಕಥೆಯಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಮೂರು ಕೊಟೇಶನ್ನಿನ ಸುದ್ದಿಯಿಲ್ಲ! ಅವರ ಆಶ್ರಮ ನಡೆಯುತ್ತಿದ್ದದ್ದೂ ದಾನಿಗಳ ಹಣದಿಂದಲೇ.

ಆದರೆ ನನಗೆ ದಾರಿ ತೋರಿಸಿದ್ದು ಆ ದುಬಾರಿ ದರವಲ್ಲ, ಅದೇ ಪುಸ್ತಕದ ಇನ್ನೊಂದು ಸಂಗತಿ. ಮೊದಲಿಗೆ ಆಶ್ರಮಕ್ಕೆ ಸ್ವದೇಶಿ ನೂಲಿನ ಬಟ್ಟೆ ನೇಯ್ದುಕೊಡಲು ಒಪ್ಪಿದ ನೇಕಾರರು ಒಂದು ಷರತ್ತು ಹಾಕಿದ್ದರು: ನೇಯ್ದದ್ದಷ್ಟನ್ನೂ ಆಶ್ರಮವೇ ಕೊಳ್ಳಬೇಕು. ಮುಂದೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟದ ಮೇಲೆ ಮೂಲೆ ಸೇರಿದ್ದ ಚರಕಗಳು ಸಿಕ್ಕಿದಾಗ ಆ ಮನೆಯವರು ಕೇಳಿದ್ದೂ ಅದನ್ನೇ: ಹಂಜಿ ತಪ್ಪದೆ ಕೊಡುತ್ತೀರಾ, ನೂತದ್ದನ್ನು ಕೊಳ್ಳುತ್ತೀರಾ? ಅವರಿಗೆ ಬೇಕಿದ್ದದ್ದು ದಾನವಲ್ಲ, ಒಮ್ಮೆ ಸಿಗುವ ದೊಡ್ಡ ಬೆಲೆಯೂ ಅಲ್ಲ. ನಾಳೆಯೂ ಬರುತ್ತೀರಿ ಎಂಬ ಮಾತು.

ಒಬ್ಬ ವ್ಯಕ್ತಿ ಆ ಮಾತು ಕೊಡಲಾರ. ನನಗೆ ಎಪ್ಪತ್ತು ದಾಟಿದೆ, ನಾನು ಯಾರಿಗೆ ಯಾವ ಮುಂದಿನ ವರ್ಷದ ಭರವಸೆ ಕೊಡಲಿ? ಆದರೆ ಸಂಘಕ್ಕೆ ವಯಸ್ಸಾಗುವುದಿಲ್ಲ. ಸಮಿತಿ ಬದಲಾದರೂ ನಡಾವಳಿ ಪುಸ್ತಕ ಉಳಿಯುತ್ತದೆ. ಶಾಲೆ, ಬ್ಯಾಂಕು, ಹೋಟೆಲು, ಸರ್ಕಾರಿ ಇಲಾಖೆ, ಯಾವ ಸಂಸ್ಥೆಗೇ ಆಗಲಿ ಕೊಳ್ಳುವ ಬಲ ಇರುವುದು ದೊಡ್ಡ ಮೊತ್ತದಲ್ಲಿ ಮಾತ್ರವಲ್ಲ, ಮತ್ತೆ ಮತ್ತೆ ಕೊಳ್ಳುವುದರಲ್ಲಿ. ಆ ಬಲವನ್ನು ನಾವು ದರ ಇಳಿಸಲಿಕ್ಕಷ್ಟೇ ಬಳಸುತ್ತಿದ್ದೇವೆ.

2023ರ ವಾರ್ಷಿಕ ಮಹಾಸಭೆಯಲ್ಲಿ ನಾನೇ ಒಂದು ಠರಾವು ಮಂಡಿಸಿದೆ. ಸಮಿತಿಯಲ್ಲಲ್ಲ, ಎಲ್ಲ ಸದಸ್ಯರ ಎದುರು. ಹಣ ಅವರದ್ದಾದ ಮೇಲೆ ಮನಸ್ಸಾಕ್ಷಿಯೂ ಅವರದ್ದೇ ಆಗಬೇಕಲ್ಲ. ಮೂರು ಕೊಟೇಶನ್ ಇರಲಿ. ಅದಕ್ಕೆ ಮೊದಲು ಮೂರು ಪ್ರಶ್ನೆ ಬರೆದಿಡೋಣ: ಇದು ಬೇಕೇ, ಬೇಕಾದರೆ ಎಷ್ಟು? ಮಾಡಿದವರು ಯಾರು ಎಂದು ಮಾರುವವ ಹೇಳಬಲ್ಲನೇ? ಮುಂದಿನ ವರ್ಷವೂ ಅವರಲ್ಲಿಗೇ ಹೋಗುತ್ತೇವೆಯೇ? ನಾಲ್ಕನೆಯದನ್ನು ಹಿರಿಯರೊಬ್ಬರು, ಹೋಟೆಲ್ ನಡೆಸಿದವರು, ತಾವಾಗಿ ಸೇರಿಸಿದರು: "ಬಿಲ್ಲು ಹದಿನೈದು ದಿನದೊಳಗೆ ಪಾವತಿ ಮಾಡಿ ಮಾರಾಯ್ರೆ. ದೊಡ್ಡ ಸಂಸ್ಥೆಗಳು ಸಣ್ಣವರನ್ನು ಕೊಲ್ಲುವುದು ದರದಲ್ಲಿ ಅಲ್ಲ, ಬಾಕಿಯಲ್ಲಿ."

ಮೊದಲ ಪ್ರಶ್ನೆಯಲ್ಲೇ ಅರ್ಧ ಸಮಸ್ಯೆ ಕರಗಿತು. ಇನ್ನೂರು ಧ್ವಜ ಬೇಕು ಎಂದು ಯಾರು ಹೇಳಿದ್ದು? ಸಂಘಕ್ಕೆ ಬೇಕಿದ್ದದ್ದು ಒಂದು. ಬೆಂಗೇರಿಯಿಂದ ಒಂದು ಧ್ವಜ ಬಂತು. ಸನ್ಮಾನಗಳು ಹನ್ನೆರಡರಿಂದ ನಾಲ್ಕಕ್ಕೆ ಇಳಿದವು. ಮಿಣಮಿಣ ಶಾಲಿನ ಬದಲು ಖಾದಿ ಶಾಲು, ಹಣ್ಣಿನ ಬುಟ್ಟಿಯ ಬದಲು ಒಂದು ಕನ್ನಡ ಪುಸ್ತಕ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು ಬಿಟ್ಟು ಪುಸ್ತಕ ಕೊಡಿ ಎಂದು ಕರ್ನಾಟಕ ಸರ್ಕಾರ 2021ರ ಆಗಸ್ಟಿನಲ್ಲಿ ಹೇಳಿತ್ತು. ನಾವು ಎರಡು ವರ್ಷ ತಡ. ಖಾದಿ ಶಾಲನ್ನು ಪ್ರತಿವರ್ಷ ಕೊಳ್ಳುತ್ತೇವೆಂದು ನಡಾವಳಿಯಲ್ಲಿ ಬರೆದೆವು. ವಿದ್ಯಾರ್ಥಿವೇತನ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಸನ್ಮಾನ ತಪ್ಪಿದ ಎಂಟು ಮಂದಿಯಲ್ಲಿ ಇಬ್ಬರು ನನ್ನೊಡನೆ ಮಾತು ಬಿಟ್ಟರು. ಒಂಟಿ ಕೋಣೆಯಲ್ಲಿ ಹೊಲಿಯುವ ಹೆಂಗಸರಿಗೆ ಈ ಠರಾವಿನಿಂದ ಏನೂ ಸಿಗಲಿಲ್ಲ. ಆ ಲೆಕ್ಕ ನನ್ನ ಪುಸ್ತಕದಲ್ಲಿ ಬಾಕಿಯೇ ಉಳಿದಿದೆ.

ಧ್ವಜ ಬಂದ ವಾರ ಧಾರವಾಡದ ಆ ಸದಸ್ಯರು ಸಿಕ್ಕಿದರು. ಊರಿಗೆ ಫೋನ್ ಮಾಡಿ ವೈನಿಗೆ ಹೇಳಿದೆ ಅಂದರು. "ಏನಂದರು?" ಅಂದೆ.

"'ಒಂದ ಧ್ವಜಕ್ಕ ಇಷ್ಟ ಮೀಟಿಂಗ್ ಮಾಡಿದ್ರೇನ' ಅಂತ ನಕ್ಕಳ್ರಿ ಸರ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: "ಆಮ್ಯಾಲೆ ಕೇಳಿದ್ಳು, 'ಬರೋ ವರ್ಷಾನೂ ಶಾಲ ತರಸ್ತಾರಂತೇನ' ಅಂತ."