ತಲೆಮಾರುಗಳ ನಡುವಿನ ನ್ಯಾಯ

ಇಂದು ಬದುಕಿರುವವರು ಭೂಮಿಯಿಂದ ಎಷ್ಟು ತೆಗೆದುಕೊಳ್ಳಬಹುದು, ಇನ್ನೂ ಹುಟ್ಟದವರಿಗೆ ಏನು ಉಳಿಸಬೇಕು ಎಂಬ ಪ್ರಶ್ನೆಯನ್ನು ನೀತಿಶಾಸ್ತ್ರವು ‘ತಲೆಮಾರುಗಳ ನಡುವಿನ ನ್ಯಾಯ’ ಎಂಬ ಹೆಸರಿನಲ್ಲಿ ಚರ್ಚಿಸುತ್ತದೆ. ಸಾಮಾನ್ಯ ವ್ಯವಹಾರದ ನ್ಯಾಯದಲ್ಲಿ ಕೊಟ್ಟವರು, ಕೊಂಡವರು, ಸಾಕ್ಷಿ ಹೇಳುವವರು ಎಲ್ಲರೂ ಎದುರಿಗಿರುತ್ತಾರೆ. ಇಲ್ಲಿ ಒಂದು ಪಕ್ಷ ಇನ್ನೂ ಹುಟ್ಟಿಯೇ ಇಲ್ಲ. ಅದು ಮತ ಹಾಕದು, ದಾವೆ ಹೂಡದು, ಚೌಕಾಸಿಗೆ ಕೂರದು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಈ ಪ್ರಶ್ನೆ ಕಣ್ಣಿಗೆ ಕಾಣುವಂತಿದೆ. ಇಲ್ಲಿನ ಹೊಲಗಳ ಮೇಲೆ ಎರೆಮಣ್ಣು, ಅದರಡಿ ಪದರಪದರವಾಗಿ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಭೀಮಾ ಜಲಾನಯನ ಶಿಲಾಸಮೂಹಕ್ಕೆ ಸೇರಿಸುವ ಈ ಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಹೆಪ್ಪುಗಟ್ಟಿದ್ದು. ತೆಳ್ಳಗೆ ಸೀಳಿ ಬರುವ ಪದರಗಳು ಫರಸಿಯಾಗಿ ಮನೆಯ ನೆಲ ಸೇರುತ್ತವೆ. ದೇಶದ ಬಹುಭಾಗದಲ್ಲಿ ಅದನ್ನು ಶಹಾಬಾದ್ ಕಲ್ಲೆಂದೇ ಕರೆಯುತ್ತಾರೆ. ಉಳಿದದ್ದು ಸಿಮೆಂಟಿಗೆ. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಇತ್ತು. ವಾಡಿ, ಮಳಖೇಡ, ಸೇಡಂ ಕಾರ್ಖಾನೆಗಳು ಆಮೇಲೆ ಬಂದವು. ಮೇಲಿನ ತೊಗರಿ ಪ್ರತಿ ಮುಂಗಾರಿಗೂ ಮತ್ತೆ ಬೆಳೆಯುತ್ತದೆ, ಕೆಳಗಿನ ಕಲ್ಲು ಒಮ್ಮೆ ತೆಗೆದರೆ ಮುಗಿಯಿತು. ತೆರೆದ ಗಣಿಯಲ್ಲಿ ಕಲ್ಲು ತೆಗೆಯಬೇಕಾದರೆ ಹೊಲವೂ ಹೋಗಬೇಕು.

ನಷ್ಟ ಕಲ್ಲಿಗೆ ಮಾತ್ರ ನಿಲ್ಲುವುದಿಲ್ಲ. ಶುದ್ಧ ಸುಣ್ಣದ ಕಲ್ಲನ್ನು ಸಿಮೆಂಟಿಗಾಗಿ ಸುಟ್ಟರೆ ಪ್ರತಿ 100 ಕಿಲೋಗೆ ಸುಮಾರು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಡಲು ಬಳಸುವ ಕಲ್ಲಿದ್ದಲಿನ ಹೊಗೆ ಇದರ ಮೇಲೆ ಬೇರೆ. ಹೀಗಾಗಿ ಮುಂದಿನವರ ಪಾಲಿನಿಂದ ಒಂದನ್ನು ಕಳೆದು, ಅವರ ಪಾಲಿಗೆ ಇನ್ನೊಂದನ್ನು ಹೊರಿಸಿದಂತಾಗುತ್ತದೆ.

ಈ ನ್ಯಾಯದ ಮೊದಲ ತೊಡಕು: ಮುಂದಿನವರು ನಮಗೆ ಏನನ್ನೂ ಕೊಡಲಾರರು. ಹಾಗಿದ್ದ ಮೇಲೆ ಅವರಿಗೆ ನಾವು ಬಾಧ್ಯರು ಹೇಗೆ? ಭಾರತೀಯ ಪರಂಪರೆಯ ಪಿತೃಋಣದ ಕಲ್ಪನೆಯಲ್ಲಿ ಇದಕ್ಕೊಂದು ಉತ್ತರವಿದೆ. ಹಿರಿಯರಿಂದ ಪಡೆದದ್ದನ್ನು ಹಿರಿಯರಿಗೇ ತೀರಿಸಲಾಗದು. ಅದನ್ನು ಮಕ್ಕಳಿಗೆ ತೀರಿಸಬೇಕು. ಸಾಲ ಹಿಂದಿನದು, ಕಂತು ಮುಂದಿನವರಿಗೆ. ಕನ್ನಡ ಶಾಸನಗಳ ‘ಆಚಂದ್ರಾರ್ಕ’ ಎಂಬ ಮಾತೂ ಇದೇ ಜಾತಿಯದು. ಸೂರ್ಯಚಂದ್ರರಿರುವವರೆಗೆ ದತ್ತಿ ನಡೆಯಲಿ ಎನ್ನುವಾಗ ದಾನಿ ಕಾಣದ ತಲೆಮಾರುಗಳನ್ನೂ ಒಪ್ಪಂದಕ್ಕೆ ಸೇರಿಸುತ್ತಾನೆ. ಚಿತ್ತಾಪುರ ಭಾಗದ ಸನ್ನತಿಯಲ್ಲಿ ಸಿಕ್ಕಿದ ಅಶೋಕನ ಶಾಸನವೂ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸ್ಥಳೀಯ ಸುಣ್ಣದ ಕಲ್ಲಿನಲ್ಲೇ ಕಡೆದ ಫಲಕಗಳೂ ಸುಮಾರು ಎರಡು ಸಾವಿರ ವರ್ಷ ದಾಟಿ ಬಂದಿವೆ. ಕೆತ್ತಿಸಿದವರನ್ನು ಇಂದಿನ ಓದುಗ ಕಂಡಿಲ್ಲ, ಆದರೂ ಅವರಿಂದ ಪಡೆದಿದ್ದಾನೆ.

ಎರಡನೆಯ ತೊಡಕನ್ನು ಇಂಗ್ಲೆಂಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ವಿಸ್ತಾರವಾಗಿ ಮಂಡಿಸಿದ. ಕಾರ್ಖಾನೆ ಬಂದರೆ ಊರಿನ ಬದುಕು ಬದಲಾಗುತ್ತದೆ. ಯಾರು ಯಾರನ್ನು ಮದುವೆಯಾಗುತ್ತಾರೆ, ಯಾವಾಗ ಯಾರು ಹುಟ್ಟುತ್ತಾರೆ ಎಂಬುದೂ ಬದಲಾಗುತ್ತದೆ. ನೂರು ವರ್ಷದ ನಂತರ ಆ ಊರಲ್ಲಿರುವವರು ಕಾರ್ಖಾನೆ ಬಾರದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಅಂದಮೇಲೆ ಅವರಿಗೆ ಅನ್ಯಾಯವಾಯಿತೆನ್ನುವುದು ಹೇಗೆ? ಈ ಒಗಟಿನಿಂದ ಹೊರಬರಲು ಹಲವರು ಹಿಡಿಯುವ ದಾರಿ, ವ್ಯಕ್ತಿಗಳ ಬದಲು ಸ್ಥಾನವನ್ನು ನೋಡುವುದು. ಮುಂದೆ ಆ ಊರಲ್ಲಿ ಯಾರೇ ಇರಲಿ, ಅವರಿಗೆ ಕುಡಿಯುವ ನೀರು, ಉಸಿರಾಡುವ ಗಾಳಿ, ದುಡಿಯುವ ದಾರಿ ಬೇಕೇ ಬೇಕು.

ಮೂರನೆಯ ತೊಡಕು ಲೆಕ್ಕದ್ದು. ಅರ್ಥಶಾಸ್ತ್ರವು ಮುಂದಿನ ಲಾಭನಷ್ಟಗಳನ್ನು ಬಡ್ಡಿಯ ದರದಲ್ಲಿ ಇಂದಿನ ಬೆಲೆಗೆ ಇಳಿಸುತ್ತದೆ. ಶೇ 5ರ ದರ ಹಿಡಿದರೆ ನೂರು ವರ್ಷದ ನಂತರದ ಒಂದು ಕೋಟಿ ರೂಪಾಯಿ ನಷ್ಟ ಇಂದು ಸುಮಾರು 76 ಸಾವಿರ ರೂಪಾಯಿಗೆ ಸಮ. ಹುಟ್ಟಿದ ಕಾಲದ ಕಾರಣಕ್ಕೆ ಒಬ್ಬರ ಸುಖದುಃಖವನ್ನು ಅಗ್ಗ ಮಾಡುವುದು ನೈತಿಕವಾಗಿ ಸಲ್ಲದೆಂದು ಫ್ರಾಂಕ್ ರಾಮ್ಸೆ 1928ರಲ್ಲೇ ವಾದಿಸಿದ್ದ. ಮುಂದಿನವರು ಇನ್ನಷ್ಟು ಶ್ರೀಮಂತರಾಗಿರುತ್ತಾರೆ, ಆದ್ದರಿಂದ ದರ ಹಾಕುವುದು ಸರಿ ಎನ್ನುವವರೂ ಇದ್ದಾರೆ.

ಎಷ್ಟು ಉಳಿಸಬೇಕೆಂಬ ಪ್ರಶ್ನೆಗೆ ಅಮೆರಿಕದ ಜಾನ್ ರಾಲ್ಸ್ 1971ರ ತನ್ನ ನ್ಯಾಯಸಿದ್ಧಾಂತದಲ್ಲಿ ಒಂದು ಪರೀಕ್ಷೆ ಸೂಚಿಸಿದ: ತಾನು ಯಾವ ತಲೆಮಾರಿಗೆ ಸೇರುವೆನೆಂಬುದು ತಿಳಿಯದೆ ನಿಯಮ ಮಾಡಬೇಕಾದರೆ ಯಾವ ನಿಯಮವನ್ನು ಒಪ್ಪಬಹುದು? ಗಣಿ ಶುರುವಾದಾಗ ಹುಟ್ಟುವೆನೋ ಬರಿದಾದ ಮೇಲೆ ಹುಟ್ಟುವೆನೋ ಗೊತ್ತಿಲ್ಲದವನು ಎಲ್ಲವನ್ನೂ ಈಗಲೇ ಖರ್ಚು ಮಾಡೆನ್ನಲಾರ. ಮುಟ್ಟಲೇ ಬೇಡವೆಂದೂ ಹೇಳಲಾರ.

ಯಾವ ರೂಪದಲ್ಲಿ ಉಳಿಸಬೇಕು ಎಂಬಲ್ಲಿ ಎರಡು ಪಕ್ಷಗಳಿವೆ. ಖನಿಜದಿಂದ ಬಂದ ಹೆಚ್ಚುವರಿ ಆದಾಯವನ್ನು ಯಂತ್ರ, ರಸ್ತೆ, ಶಾಲೆಯಂಥ ಬಾಳುವ ಆಸ್ತಿಯಾಗಿ ಮಾರ್ಪಡಿಸಿದರೆ ಸಾಕು, ಖನಿಜ ಮುಗಿದರೂ ಮುಂದಿನವರು ಬಡವರಾಗರು ಎಂಬುದು ಒಂದು ಪಕ್ಷ. ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಇದನ್ನು ಸೂತ್ರವಾಗಿಸಿದ. ಅಂತರ್ಜಲ, ಎರೆಮಣ್ಣು, ಹವಾಮಾನಗಳಿಗೆ ಹಣದಿಂದ ಬದಲಿ ಸಿಗದು, ಅವನ್ನು ಇದ್ದಂತೆಯೇ ದಾಟಿಸಬೇಕು ಎಂಬುದು ಇನ್ನೊಂದು. ಸುಣ್ಣದ ಕಲ್ಲಿನ ಸೀಮೆಗೆ ಎರಡೂ ಅನ್ವಯಿಸುತ್ತವೆ: ಕಲ್ಲಿಗೆ ಮೊದಲನೆಯದು, ಅದರ ಮೇಲಿನ ಮಣ್ಣಿಗೂ ಪಕ್ಕದ ಕಾಗಿಣಾ ನದಿಗೂ ಎರಡನೆಯದು.

ಭಾರತದ ಕಾನೂನಿನಲ್ಲಿ ಈ ಚಿಂತನೆಯ ಗುರುತುಗಳಿವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿಗೆ ಸುಪ್ರೀಂ ಕೋರ್ಟ್ 2013ರಲ್ಲಿ ವರ್ಷಕ್ಕೆ 3 ಕೋಟಿ ಟನ್ನಿನ ಮಿತಿ ಹಾಕಿತು. ಗೋವಾ ಪ್ರಕರಣದಲ್ಲಿ 2014ರಲ್ಲಿ ಅದಿರು ಮಾರಾಟದ ಹಣದ ಶೇ 10ರಷ್ಟನ್ನು ತಲೆಮಾರುಗಳ ಸಮತೆಗಾಗಿ ಶಾಶ್ವತ ನಿಧಿಯಲ್ಲಿಡಲು ಹೇಳಿತು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಗಣಿಬಾಧಿತ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. 2014ರಲ್ಲಿ ನಿಗದಿಯಾದಂತೆ ಸಿಮೆಂಟ್ ದರ್ಜೆಯ ಸುಣ್ಣದ ಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಅದರ ಮೇಲೆ ಹಳೆಯ ಗುತ್ತಿಗೆಯವರು ಶೇ 30, ಹರಾಜಿನ ಗುತ್ತಿಗೆಯವರು ಶೇ 10ರಷ್ಟನ್ನು ಪ್ರತಿಷ್ಠಾನಕ್ಕೆ ಕೊಡಬೇಕು. ಆ ದರದಲ್ಲಿ ಟನ್ ಕಲ್ಲಿಗೆ ಪ್ರತಿಷ್ಠಾನಕ್ಕೆ ಸೇರುವುದು 24 ಅಥವಾ 8 ರೂಪಾಯಿ.

ಈ ಎರಡು ನಿಧಿಗಳ ಸ್ವಭಾವ ಬೇರೆ ಬೇರೆ. ಗೋವಾದ್ದು ಅಸಲನ್ನು ಕಾಯುವ ಉದ್ದೇಶದ್ದು. ಪ್ರತಿಷ್ಠಾನದ ಹಣ ಮುಖ್ಯವಾಗಿ ಇಂದಿನ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ರಸ್ತೆಗಳಿಗೆ. ಹಾಗೆಂದು ಅದು ತಪ್ಪಲ್ಲ. ಧೂಳು ಕುಡಿದು ಬದುಕುವ ಇಂದಿನ ಬಡವರ ಪಾಲನ್ನು ಕಿತ್ತು ಮುಂದಿನವರಿಗೆ ಕೂಡಿಡೆನ್ನುವುದೂ ನ್ಯಾಯವಲ್ಲ. ಒಂದೇ ತಲೆಮಾರಿನೊಳಗಿನ ಅಸಮಾನತೆ ಈ ಲೆಕ್ಕದ ಮೊದಲ ಸಾಲು. ಮಗುವಿನ ಓದಿಗೆ ಹೋದ ರೂಪಾಯಿ ಎರಡೂ ಕಡೆ ಸಲ್ಲುತ್ತದೆ, ವರ್ಷದಲ್ಲೇ ಕಿತ್ತುಹೋಗುವ ರಸ್ತೆಗೆ ಹಾಕಿದ್ದು ಯಾವ ಕಡೆಗೂ ಸಲ್ಲದು. 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆಯ ಅವಧಿ 50 ವರ್ಷ, ಅಂದರೆ ಸರಿಸುಮಾರು ಎರಡು ತಲೆಮಾರು. ಗುತ್ತಿಗೆ ಮುಗಿಯುವ ದಿನ ಆ ಊರಲ್ಲಿರುವವರ ಕೈಗೆ ಗುಂಡಿಯ ಜೊತೆಗೆ ಮತ್ತೇನು ಬರುತ್ತದೆ ಎಂಬುದೇ ಈ ನ್ಯಾಯದ ಅಳತೆಗೋಲು.