ಗೋಡೆ ಹಾರುವುದು, ಗೋಡೆ ಕೆಡವುವುದು

ಪಾರ್ಕೂರ್ ಎಂಬ ವಿದ್ಯೆಯೊಂದಿದೆ. ಹಗ್ಗ ಇಲ್ಲ, ಏಣಿ ಇಲ್ಲ. ಬರಿಗೈ ಬರಿಮೈ ನಂಬಿಕೊಂಡು ಎದುರಿಗಿರುವ ಗೋಡೆಯನ್ನು ಓಡಿ ಹತ್ತುವುದು, ಒಂದು ಗೋಡೆಯಿಂದ ಇನ್ನೊಂದಕ್ಕೆ ನೆಗೆದು ಅಂಚು ಹಿಡಿದು ನೇತಾಡುವುದು, ಮೇಲೇರಿ ಆಚೆ ಇಳಿಯುವುದು. ಮೊಬೈಲಿನಲ್ಲಿ ಇದನ್ನು ನೋಡದ ಹುಡುಗರು ಈಗ ಕಡಿಮೆ. ಹಾಸ್ಟೆಲಿನ ಹಿಂದೆ ಅರ್ಧ ಕಟ್ಟಿ ಬಿಟ್ಟ ಗೋಡೆಯಲ್ಲಿ ಇದನ್ನು ಕಲಿಯೋಕೆ ಹೊರಟವರೂ ನಮ್ಮ ನಡುವೆ ಇದ್ದಾರೆ. ಕಪಿಚೇಷ್ಟೆ, ಹೊಟ್ಟೆ ತುಂಬಿದವರ ಮೋಜು ಅಂತ ಬದಿಗೆ ಸರಿಸಬಹುದಿತ್ತು. ಆದರೆ ಗೋಡೆ ಎಂಬ ಮಾತು ಬಂದ ಕೂಡಲೇ ನಮ್ಮ ಕಿವಿ ನಿಮಿರುತ್ತದೆ. ಊರಿನ ಗೋಡೆಗಳಿಗೆ ಮಣ್ಣು ತುಳಿದವರು, ಕಲ್ಲು ಹೊತ್ತವರು ನಾವು. ಅದೇ ಗೋಡೆಗಳೊಳಗೆ ಕಾಲಿಡಬೇಡಿ ಅನ್ನಿಸಿಕೊಂಡವರೂ ನಾವೇ. ಹಾಗಾಗಿ ಈ ವಿದ್ಯೆಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕಾಗಿದೆ. ಗೋಡೆ ಹಾರಿದವನಿಗೆ ಗೋಡೆಯ ಈಚೆ ಉಳಿದವರ ಋಣ ಇದೆಯೋ, ಇಲ್ಲವೋ?

ಈ ವಿದ್ಯೆ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಹೆಸರು ಬಂದದ್ದು ಫ್ರಾನ್ಸಿನಲ್ಲಿ. ಬೇರು ಇರುವುದು ಫ್ರಾನ್ಸ್ ಆಳಿದ ನಾಡುಗಳಲ್ಲಿ. ಜಾರ್ಜ್ ಎಬೆರ್ (1875–1957) ಫ್ರೆಂಚ್ ನೌಕಾಪಡೆಯ ಅಧಿಕಾರಿ. ಹಡಗಿನಲ್ಲಿ ದೇಶ ಸುತ್ತುವಾಗ ವಸಾಹತುಗಳ ಜನರ ಮೈಕಟ್ಟು ಕಂಡು ಬೆರಗಾದ. ಯಾವ ಗರಡಿಯ ಗುರುವೂ ಇಲ್ಲದೆ, ಬರೀ ಬದುಕಿನ ಕೆಲಸದಿಂದಲೇ ಇವರು ಓಡ್ತಾರೆ, ಹತ್ತುತ್ತಾರೆ, ಎತ್ತುತ್ತಾರೆ, ಈಜ್ತಾರೆ ಎಂಬುದನ್ನು ಗಮನಿಸಿದ. ಅದನ್ನೇ ಸಹಜ ವಿಧಾನ ಎಂದು ಕರೆದು ಫ್ರೆಂಚ್ ಸೈನಿಕರಿಗೆ ಕಲಿಸಿದ. ಬಲ ಇರಬೇಕಾದದ್ದು ಇನ್ನೊಬ್ಬರ ಉಪಯೋಗಕ್ಕೆ ಬರೋದಕ್ಕಾಗಿ ಅನ್ನೋದು ಅವನ ತತ್ವ. ಒಳ್ಳೆಯ ತತ್ವವೇ. ಆದರೆ ಕಲಿಸಿದ ಮೈಗಳಿಗೆ ಹೆಸರಿಲ್ಲ, ಬರೆದುಕೊಂಡ ಕೈಗೆ ಹೆಸರಿದೆ. ಈ ಲೆಕ್ಕ ನಮಗೆ ಹೊಸದಲ್ಲ. ಚರ್ಮ ಹದ ಮಾಡೋದು, ಬೇರು ನಾರು ಅರೆದು ಮದ್ದು ಮಾಡೋದು, ಕಲ್ಲಿನ ಎಳೆ ನೋಡಿ ಒಡೆಯೋದು ಇವೆಲ್ಲ ನಮ್ಮ ಕೈಯಲ್ಲಿರುವ ತನಕ ಕಸುಬು. ಪುಸ್ತಕಕ್ಕೆ ಹೋದ ಮೇಲೆ ಶಾಸ್ತ್ರ.

1902ರ ಮೇ 8ರಂದು ಫ್ರೆಂಚರ ವಸಾಹತಾಗಿದ್ದ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಪರ್ವತ ಬೆಂಕಿ ಉಗುಳಿತು. ಸೇಂಟ್ ಪಿಯೆರ್ ಪಟ್ಟಣದಲ್ಲಿ ಸುಮಾರು 28 ಸಾವಿರ ಜನ ಕೆಲವೇ ನಿಮಿಷಗಳಲ್ಲಿ ಸತ್ತರು. ಅಲ್ಲಿ ಜನರನ್ನು ಸಾಗಿಸುವ ಕೆಲಸದಲ್ಲಿದ್ದಾಗಲೇ ಎಬೆರ್‌ಗೆ ತನ್ನ ತತ್ವ ಹೊಳೆಯಿತು ಎಂದು ಅವನ ಕಥೆ ಹೇಳುವವರು ಹೇಳುತ್ತಾರೆ. ಅದೇ ಪಟ್ಟಣದಲ್ಲಿ ಬದುಕುಳಿದ ಬೆರಳೆಣಿಕೆಯ ಜನರಲ್ಲಿ ಒಬ್ಬ ಲುಡ್ಜೆರ್ ಸಿಲ್ಬಾರಿಸ್ ಎಂಬ ಕರಿಯ ಕೈದಿ. ದಪ್ಪ ಕಲ್ಲುಗೋಡೆಯ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರಿಂದಲೇ ಉಳಿದ. ಆಮೇಲೆ ಅಮೆರಿಕದ ಸರ್ಕಸ್ಸಿನವರು ಅವನನ್ನು ಊರೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆಯಿಂದ ಹೊರಬಂದ ಕರಿಮೈ ಸರ್ಕಸ್ಸಿನ ಸರಕಾಯಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಬೆರ್‌ನ ವಿಧಾನ ಫ್ರೆಂಚ್ ಸೈನ್ಯದ ಅಡೆತಡೆಯ ಓಟವಾಯಿತು. ವಿಯೆಟ್ನಾಮಿನಲ್ಲಿ ಹುಟ್ಟಿದ ರೇಮಂಡ್ ಬೆಲ್ ಎಂಬ ಹುಡುಗ ಯುದ್ಧದಲ್ಲಿ ಮನೆಯವರಿಂದ ಬೇರೆಯಾಗಿ ದಲಾತ್ ಊರಿನ ಸೈನಿಕ ಅನಾಥಾಲಯ ಸೇರಿದ. ಬಲ ಇಲ್ಲದವನಿಗೆ ಅಲ್ಲಿ ಉಳಿಗಾಲ ಇರಲಿಲ್ಲ. ಬೇರೆಯವರು ಮಲಗಿದ ಮೇಲೆ ರಾತ್ರಿ ಎದ್ದು ಒಬ್ಬನೇ ಓಡಿ ಹತ್ತಿ ಹಾರಿ ಕಲಿತ. ಫ್ರಾನ್ಸಿಗೆ ಹೋಗಿ ಪ್ಯಾರಿಸ್ಸಿನ ಅಗ್ನಿಶಾಮಕ ದಳಕ್ಕೆ ಸೇರಿದ. ಅವನ ಮಗ, 1973ರಲ್ಲಿ ಹುಟ್ಟಿದ ದಾವಿದ್ ಬೆಲ್ ಮತ್ತು ಅವನ ಗೆಳೆಯರು ಪ್ಯಾರಿಸ್ಸಿನ ಹೊರವಲಯದ ಲಿಸ್, ಎವ್ರಿ ಎಂಬ ಊರುಗಳಲ್ಲಿ ಇದನ್ನು ಈಗಿನ ರೂಪಕ್ಕೆ ತಂದರು. ಅವರಲ್ಲಿ ಹಲವರು ಆಫ್ರಿಕಾ, ವಿಯೆಟ್ನಾಂ ಮೂಲದ ಮನೆಗಳ ಮಕ್ಕಳು. ಸಿಮೆಂಟಿನ ಪೆಟ್ಟಿಗೆಯಂಥ ಮನೆಗಳ ಕೇರಿಯವರು. 1997ರಲ್ಲಿ ಅವರು ಕಟ್ಟಿದ ತಂಡದ ಹೆಸರು ಯಮಕಾಸಿ. ಕಾಂಗೋ ಕಡೆಯ ಲಿಂಗಾಲ ಭಾಷೆಯ ಈ ಮಾತಿಗೆ ಗಟ್ಟಿ ಮೈ, ಗಟ್ಟಿ ಮನಸ್ಸು ಎಂದರ್ಥ. ಒಟ್ಟಿಗೆ ಶುರು ಮಾಡಬೇಕು, ಒಟ್ಟಿಗೇ ಮುಗಿಸಬೇಕು ಅನ್ನೋದು ಅವರ ನಿಯಮ. ಅಂದರೆ ಕಸಿದುಕೊಂಡು ಹೋದ ವಿದ್ಯೆಯನ್ನು ಕಳೆದುಕೊಂಡವರ ಮಕ್ಕಳೇ ವಾಪಸ್ಸು ಪಡೆದರು.

ಈಗ ವಿದ್ಯೆಯ ಒಳಗನ್ನು ನೋಡಬೇಕು. ಮೈಯ ಕೆಲಸದಲ್ಲಿ ವಿಚಾರ ಇಲ್ಲ ಅಂತ ಹೇಳಿಕೊಟ್ಟವರು ಮೈ ಬಗ್ಗಿಸದವರು.

ಮೊದಲ ಪಾಠ ಬೀಳೋದು. ಹತ್ತೋದಕ್ಕೆ ಮುಂಚೆ ಇಳಿಯೋದು ಕಲಿಯಬೇಕು. ಮುಂಗಾಲ ಮೇಲೆ ಇಳಿದು ಮಂಡಿ ಮಡಿಸಬೇಕು. ಎತ್ತರ ಹೆಚ್ಚಿದ್ದರೆ ಒಂದು ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಬೇಕು. ತಲೆಯಾಗಲಿ ಬೆನ್ನೆಲುಬಾಗಲಿ ನೇರ ನೆಲಕ್ಕೆ ತಾಗಬಾರದು. ಇಳಿಯಲಾರದ ಗೋಡೆಯನ್ನು ಹತ್ತಬೇಡ ಅನ್ನೋದು ಮೊದಲ ಕಟ್ಟಳೆ.

ಎರಡನೆಯದು ಗೋಡೆ ಓಟ. ಓಡಿ ಬಂದು ಗೋಡೆಗೆ ಒಂದು ಕಾಲಳತೆ ದೂರ ಇರುವಾಗಲೇ ನೆಲ ಬಿಡಬೇಕು. ಇನ್ನೊಂದು ಮುಂಗಾಲು ಸೊಂಟದೆತ್ತರಕ್ಕೆ ಗೋಡೆಗೆ ತಾಗಬೇಕು, ಅಲ್ಲಿಂದ ಮೇಲಕ್ಕೆ ತಳ್ಳಬೇಕು. ತೀರಾ ಹತ್ತಿರ ಹೋದರೆ ಮೂತಿ ಬಡಿಯುತ್ತೆ. ದೂರದಲ್ಲೇ ಹಾರಿದರೆ ಕಾಲು ತಾಗೋ ಹೊತ್ತಿಗೆ ಬಲ ಮುಗಿದಿರುತ್ತೆ. ಗೋಡೆಗೆ ಒತ್ತು ಕೊಟ್ಟರೇನೇ ಕಾಲು ಜಾರದೆ ನಿಲ್ಲೋದು. ಆದರೆ ಒತ್ತೆಲ್ಲ ಗೋಡೆಗೇ ಹೋದರೆ ಗೋಡೆ ನಮ್ಮನ್ನು ಹಿಂದಕ್ಕೆ ಎಸೆಯುತ್ತೆ. ಸಿಟ್ಟಿಗೂ ಇದೇ ಲೆಕ್ಕ. ಸಿಟ್ಟಿಲ್ಲದವನು ಜಾರುತ್ತಾನೆ, ಸಿಟ್ಟು ಬರೀ ಗೋಡೆಗೆ ಒದೆಯೋದರಲ್ಲೇ ಮುಗಿದವನು ಬೆನ್ನ ಮೇಲೆ ಬೀಳುತ್ತಾನೆ.

ಮೂರನೆಯದು ನೆಗೆದು ಅಂಚು ಹಿಡಿಯುವುದು. ಫ್ರೆಂಚರು ಇದನ್ನು ತೋಳಿನ ಜಿಗಿತ ಅನ್ನುತ್ತಾರೆ, ಇಂಗ್ಲಿಷರು ಬೆಕ್ಕಿನ ಜಿಗಿತ ಅನ್ನುತ್ತಾರೆ. ನೋಡೋರಿಗೆ ಕೈಯೇ ಎಲ್ಲ ಮಾಡಿದಂತೆ ಕಾಣುತ್ತೆ. ನಿಜವಾಗಿ ಮೊದಲು ಗೋಡೆ ಮುಟ್ಟಬೇಕಾದದ್ದು ಕಾಲು. ಕಾಲು ಪೆಟ್ಟು ತಿಂದು, ಮಂಡಿ ಮಡಿಸಿ ವೇಗ ನುಂಗಿದ ಮೇಲೆ ಕೈ ಅಂಚು ಹಿಡಿಯುತ್ತೆ. ಕೈ ಮೊದಲು ಹೋದರೆ ಮೈ ಗೋಡೆಗೆ ಅಪ್ಪಳಿಸಿ ಬೆರಳು ಬಿಡುತ್ತೆ. ಮುಖದಿಂದ ಹುಟ್ಟಿದೋರು ಮೇಲು, ಪಾದದಿಂದ ಹುಟ್ಟಿದೋರು ಕೀಳು ಅಂತ ಬರೆದುಕೊಂಡವರು ಒಮ್ಮೆ ಈ ಗೋಡೆ ಹಾರಿ ನೋಡಲಿ.

ನಾಲ್ಕನೆಯದು ಹಿಡಿತ. ನಾಲ್ಕೂ ಬೆರಳು ಅಂಚಿನ ಮೇಲೆ ಪೂರಾ ಬರಬೇಕು. ಬೆರಳ ಗಿಣ್ಣು ಮಡಿಸಿ ತುದಿಯಲ್ಲೇ ಭಾರ ಹೊತ್ತರೆ ನರದಂಥ ಕಂಡರಗಳನ್ನು ಮೂಳೆಗೆ ಹಿಡಿದಿಟ್ಟ ಪಟ್ಟಿಗಳು ಹರಿಯುತ್ತವೆ. ಸ್ನಾಯು ಕೆಲವು ವಾರಗಳಲ್ಲಿ ಬಲಿಯುತ್ತೆ. ಕಂಡರಕ್ಕೆ ತಿಂಗಳುಗಟ್ಟಲೆ ಬೇಕು. ನನಗೆ ಬಲ ಬಂತು ಅಂತ ಅನ್ನಿಸೋ ಹೊತ್ತಿಗೆ ಬೆರಳಿಗೆ ಇನ್ನೂ ಬಂದಿರೋದಿಲ್ಲ. ಉಡದ ಹಿಡಿತ ಒಂದು ದಿನದಲ್ಲಿ ಬರೋದಲ್ಲ. ಗೋಡೆಯನ್ನೂ ಮೊದಲು ಮುಟ್ಟಿ ನೋಡಬೇಕು: ಪಾಚಿ ಇದೆಯಾ, ಇಟ್ಟಿಗೆ ಅಲ್ಲಾಡುತ್ತಾ, ಮಣ್ಣು ಉದುರುತ್ತಾ? ನಮ್ಮ ಕಡೆ ಇನ್ನೂ ಒಂದು ನೋಡಬೇಕು. ಉಳ್ಳವರ ಕಾಂಪೌಂಡಿನ ಮೇಲೆ ಸಿಮೆಂಟಿನಲ್ಲಿ ಬಾಟಲಿ ಚೂರು ನೆಟ್ಟಿರುತ್ತಾರೆ. ಹತ್ತೋ ಕೈ ಒಂದಿದೆ ಅನ್ನೋದು ಗೋಡೆ ಕಟ್ಟಿಸಿದವನಿಗೆ ಮೊದಲೇ ಗೊತ್ತು.

ಈಗ ಪ್ರಶ್ನೆಗೆ ಬರೋಣ. ಮನೆಗೆ ಮೊದಲ ಪದವಿ ತಂದ ನಾವು ಒಂದೊಂದು ಗೋಡೆ ಹಾರಿ ಬಂದವರೇ. ನಮ್ಮನ್ನು ತೋರಿಸಿ ಒಂದು ಮಾತು ಹೇಳಲಾಗುತ್ತಿದೆ: "ನೋಡಿ, ಇವನು ಹಾರಲಿಲ್ಲವೇ? ನಿಮಗೇನಾಗಿದೆ ಧಾಡಿ?" ಹಾರಿದ ಒಬ್ಬನಿಂದ ಹಾರಲಾಗದ ನೂರು ಜನರಿಗೆ ಬೈಗುಳ. ಗೋಡೆಯ ಎತ್ತರದ ಮಾತೇ ಇಲ್ಲ, ಹಾರುವವನ ಕಾಲಿನ ಮಾತು ಮಾತ್ರ. ಸಿಲ್ಬಾರಿಸ್‌ನನ್ನು ಸರ್ಕಸ್ಸಿನಲ್ಲಿ ತೋರಿಸಿದ ಹಾಗೆಯೇ ಇದು. ಇದಕ್ಕೆ ಬೇಸತ್ತ ನಮ್ಮದೇ ಗೆಳೆಯರು ಇನ್ನೊಂದು ತುದಿಗೆ ಹೋಗುತ್ತಾರೆ. ಹಾರೋದೇ ದ್ರೋಹ, ಕೆಡವುವ ದಿನದ ತನಕ ಎಲ್ಲರೂ ಈಚೆಯೇ ಇರಬೇಕು ಅನ್ನುತ್ತಾರೆ. ಇವರ ನೋವು ನಮಗೆ ಗೊತ್ತು. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ, ಗೋಡೆ ಬೀಳೋ ತನಕ ಕಾಲೇಜಿಗೆ ಹೋಗಬೇಡವ್ವ ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತೆ?

ತಮಿಳುನಾಡಿನ ಮಧುರೈ ಜಿಲ್ಲೆಯ ಉತ್ತಪುರಂ ಎಂಬ ಊರಿನಲ್ಲಿ 1989ರಲ್ಲಿ ದಲಿತರ ಕೇರಿಗೂ ಮೇಲ್ಜಾತಿಯವರ ಬೀದಿಗಳಿಗೂ ನಡುವೆ ಉದ್ದ ಗೋಡೆ ಎದ್ದಿತು. 2008ರ ಮೇ 6ರಂದು, ಹೋರಾಟದ ನಂತರ, ಸರ್ಕಾರವೇ ಅದರ ಒಂದು ಭಾಗವನ್ನು ಕೆಡವಿ ದಾರಿ ಬಿಡಿಸಬೇಕಾಯಿತು. ನಡುವೆ 19 ವರ್ಷ. ಚುರುಕು ಕಾಲಿನ ಹುಡುಗನೊಬ್ಬ ಆ 19 ವರ್ಷ ದಿನಾ ಆ ಗೋಡೆ ಹಾರಿದ್ದರೂ ಅದರಿಂದ ಒಂದು ಇಟ್ಟಿಗೆ ಕಡಿಮೆ ಆಗುತ್ತಿರಲಿಲ್ಲ. ಅವನ ಅಜ್ಜಿ, ಬಸುರಿ ಅಕ್ಕ, ಸೌದೆ ಹೊತ್ತ ತಾಯಿ ಸುತ್ತಿಕೊಂಡೇ ಹೋಗಬೇಕಿತ್ತು. ದಾರಿ ಅಂದರೆ ತಲೆ ಮೇಲೆ ಹೊರೆ ಇಟ್ಟುಕೊಂಡು ನಡೆಯೋಕೆ ಆಗಬೇಕು. ಹಾರಿದವನ ಕಾಲಿಗೆ ಮಾತ್ರ ಇರೋದು ದಾರಿ ಅಲ್ಲ.

ಕಾಲ ಬಂದಾಗ ತಾನೇ ಬೀಳುತ್ತೆ ಬಿಡಿ ಅನ್ನೋ ದೊಡ್ಡವರೂ ಇದ್ದಾರೆ. 2019ರ ಡಿಸೆಂಬರ್ 2ರ ಬೆಳಗಿನ ಜಾವ ಮೆಟ್ಟುಪಾಳ್ಯಂ ಹತ್ತಿರದ ನಡೂರಿನಲ್ಲಿ ಮಳೆಗೆ ನೆನೆದ ಎತ್ತರದ ಕಾಂಪೌಂಡ್ ಗೋಡೆ ತಾನೇ ಬಿತ್ತು. ಬಿದ್ದದ್ದು ದಲಿತರ ಮನೆಗಳ ಮೇಲೆ. ಮಲಗಿದ್ದ 17 ಜನ ಸತ್ತರು. ತಾನಾಗಿ ಬೀಳುವ ಗೋಡೆ ಯಾವ ಕಡೆಗೆ ಬೀಳುತ್ತೆ ಅನ್ನೋದು ಇದರಿಂದ ಗೊತ್ತಾಗಬೇಕು.

ಹಾಗಾದರೆ ಹಾರಿದವನ ಕೆಲಸ ಏನು? 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಬಾಬಾಸಾಹೇಬರು ಆ ಕಾಲಕ್ಕೆ ಎಂಥ ಗೋಡೆ ಹಾರಿದ್ದರು ಎಂದು ಯೋಚಿಸಿ. 1927ರ ಮಾರ್ಚ್ 20ರಂದು ಅವರು ಮಹಾಡಿನಲ್ಲಿದ್ದರು. ಸಾವಿರಾರು ಜನರೊಂದಿಗೆ ನಡೆದು ಚೌಡಾರ್ ಕೆರೆಯ ನೀರು ಕುಡಿದರು. ಅವರೊಬ್ಬರಿಗೇ ನೀರು ಬೇಕಿದ್ದರೆ ಜಗತ್ತಿನ ಎಷ್ಟೋ ಊರುಗಳಲ್ಲಿ ಸಿಗುತ್ತಿತ್ತು. ಹಾರಿದ ಮೇಲೆ ಕಂಡದ್ದನ್ನು, ಗೋಡೆಯ ದಪ್ಪ ಎಷ್ಟು, ಪಾಯ ಎಷ್ಟು ಆಳ, ಆಚೆ ನಿಂತು ಕಾಯೋರು ಯಾರು ಅನ್ನೋದನ್ನು, ಈಚೆಯವರಿಗೆ ತಂದು ಹೇಳಿದರು. ಮೇಲೆ ಹತ್ತಿದವನಿಗೆ ಮಾತ್ರ ಗೋಡೆಯ ಎರಡೂ ಮಗ್ಗುಲು ಕಾಣುತ್ತೆ. ಆ ಕಂಡದ್ದೇ ಅವನ ಸಾಲ. ನಮ್ಮ ಉತ್ತರ ಇದು: ಋಣ ಇದೆ. ಹಾರಲಾರದವರ ಹೆಗಲ ಮೇಲೆ ಕಾಲಿಟ್ಟೇ ಎಲ್ಲರೂ ಹಾರಿರೋದು. ಹೊಲದ ಕೂಲಿ, ಅಡ ಇಟ್ಟ ಓಲೆ, ಅರ್ಧ ಹೊಟ್ಟೆಯ ತಂಗಿ ಇವು ಆ ಹೆಗಲುಗಳು.

ಇನ್ನೊಂದು ಹಿಡಿತದ ಮಾತು ಹೇಳದೆ ಇದನ್ನು ಮುಗಿಸುವ ಹಾಗಿಲ್ಲ. ಬೇರೆಯವರ ಹೇಲಿನ ಗುಂಡಿಗೆ ಇಳಿಸಲ್ಪಟ್ಟ ನಮ್ಮವರು ಮ್ಯಾನ್‌ಹೋಲಿನ ಕಬ್ಬಿಣದ ಮೆಟ್ಟಿಲು ಹಿಡಿದಿರುತ್ತಾರೆ. ಒಳಗಿನ ವಿಷಗಾಳಿ ಉಸಿರಿಗೆ ಸೇರಿದರೆ ಪ್ರಜ್ಞೆ ತಪ್ಪುತ್ತೆ, ಕೈ ತಾನೇ ಬಿಡುತ್ತೆ. ಯಾವ ಅಭ್ಯಾಸವೂ ಆ ಹಿಡಿತವನ್ನು ಉಳಿಸಲಾರದು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದವು. ಸಾವು ನಿಂತಿಲ್ಲ. ಅಲ್ಲಿ ಬೇಕಾದದ್ದು ಗಟ್ಟಿ ಬೆರಳಲ್ಲ. ಯಾರನ್ನೂ ಅಲ್ಲಿಗೆ ಇಳಿಸದ ಊರು ಬೇಕು.

ಮೇಷ್ಟರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಒಂದು ಮಾತು. ಮಕ್ಕಳು ಗೋಡೆ ಹತ್ತುವುದನ್ನು ಕಲಿಯಲಿ, ಹೆಣ್ಣುಮಕ್ಕಳು ಮೊದಲು ಕಲಿಯಲಿ. ಇಷ್ಟು ಕಾಲ ಇನ್ನೊಬ್ಬರ ಗದ್ದೆಗೆ, ಇನ್ನೊಬ್ಬರ ತೋಟಕ್ಕೆ ದುಡಿದ ಮೈ ಒಂದು ಸಂಜೆಯಾದರೂ ತನ್ನ ಖುಷಿಗೆ ಜಿಗಿಯಲಿ. ಅದೂ ಒಂದು ಸ್ವಾತಂತ್ರ್ಯವೇ. ಬೀಳೋದನ್ನು ಮೊದಲು ಕಲಿಸಿ, ಮೆತ್ತನೆ ಮಣ್ಣಲ್ಲಿ, ಮಂಡಿಯೆತ್ತರದ ಕಟ್ಟೆಯಿಂದ. ಒಟ್ಟಿಗೆ ಶುರು ಮಾಡಿಸಿ, ಕೊನೆಯ ಮಗು ಹತ್ತೋ ತನಕ ಯಾರೂ ಮನೆಗೆ ಹೋಗಬಾರದು ಅಂತ ಹೇಳಿ. ಮೇಲೆ ಹತ್ತಿದ ಮಗು ಅಂಚಿನ ಮೇಲೆ ಕುದುರೆ ಕೂತ ಹಾಗೆ ಗಟ್ಟಿಯಾಗಿ ಕೂರಲಿ, ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದನ್ನು ಕೆಳಗೆ ಚಾಚಲಿ. ಹಾಗೆ ಕೂತಾಗ ಕೇಳಿ: ಈ ಗೋಡೆ ಕಟ್ಟಿದ್ದು ಯಾರು? ಕಟ್ಟಿಸಿದ್ದು ಯಾರು? ಇದು ಇಲ್ಲಿ ಯಾಕಿದೆ?